ಗೋಲ್‌ಕೀಪರ್ ತರಬೇತುದಾರ

ಕಾಲ್ಚೆಂಡಾಟದಲ್ಲಿ ಗೋಲು ಕಾಯುವವನಾಗಿ ಆಡಿ, ಆಟ ಬಿಟ್ಟ ಮೇಲೆ ತರಬೇತಿಯನ್ನು ವೃತ್ತಿಯಾಗಿ ಹಿಡಿದವರಲ್ಲಿ ಎರಡು ಕವಲುಗಳಿವೆ. ಇಡೀ ತಂಡದ ಹೊಣೆ ಹೊತ್ತು ಮುಖ್ಯ ಕೋಚ್ ಆದವರದು ಒಂದು. ಗೋಲ್‌ಕೀಪರ್‌ಗಳಿಗೆ ಮಾತ್ರ ಪಾಠ ಹೇಳುವ ಗೋಲ್‌ಕೀಪಿಂಗ್ ಕೋಚ್‌ಗಳದು ಇನ್ನೊಂದು. ಭಾರತದಲ್ಲಿ ಎರಡನೆಯ ಕವಲೇ ದೊಡ್ಡದು. ಮೈದಾನ ಪೂರ್ತಿ ಕಣ್ಣಿಗೆ ಬೀಳುವಲ್ಲಿ ನಿಂತು ಆಡಿದವನಿಗೆ ಆಟ ಮುಗಿದ ಮೇಲೆ ಸಾಮಾನ್ಯವಾಗಿ ದಕ್ಕುವುದು ಅದೇ ಗೋಲಿನ ಮುಂದಿನ ಚಿಕ್ಕ ಜಾಗ. ಹೈದರಾಬಾದಿನಲ್ಲಿ ಹುಟ್ಟಿ ಏಷ್ಯಾದ ಶ್ರೇಷ್ಠ ಗೋಲ್‌ಕೀಪರ್ ಎನಿಸಿಕೊಂಡು, ಕೊನೆಗೆ ಬೊಕಾರೊದ ಉಕ್ಕಿನ ಊರಿನಲ್ಲಿ ಹುಡುಗರಿಗೆ ಆಟ ಕಲಿಸಿದ ಪೀಟರ್ ತಂಗರಾಜ್ ಈ ದಾರಿಯ ಹೆಸರಾಂತ ಭಾರತೀಯ. ಅವರು ಬೆಳೆದ ಕಾಲದಲ್ಲಿ ಇಂದಿನ ಕರ್ನಾಟಕದ ಬೀದರ್ ಜಿಲ್ಲೆಯ ಬೇಮಳಖೇಡ, ಹುಮನಾಬಾದ್, ಬಸವಕಲ್ಯಾಣಗಳೂ ಅಂದಿನ ಹೈದರಾಬಾದ್ ರಾಜ್ಯದ ಊರುಗಳಾಗಿದ್ದವು.

ಗೋಲ್‌ಕೀಪರನ ಕೆಲಸ

ಆಟದ ನಿಯಮಗಳಲ್ಲಿ ಗೋಲ್‌ಕೀಪರನಿಗೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 1871ರಲ್ಲಿ. ಮೊದಮೊದಲು ಅವನು ತನ್ನ ತಂಡದ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ಮುಟ್ಟಬಹುದಿತ್ತು. 1912ರಲ್ಲಿ ಆ ಸ್ವಾತಂತ್ರ್ಯವನ್ನು ಪೆನಾಲ್ಟಿ ಆವರಣಕ್ಕೆ, ಅಂದರೆ ಗೋಲು ಗೆರೆಯಿಂದ 16.5 ಮೀಟರ್ ದೂರದವರೆಗಿನ ಜಾಗಕ್ಕೆ ಮೊಟಕುಗೊಳಿಸಲಾಯಿತು. ಅವನು ಕಾಯುವ ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಪೆನಾಲ್ಟಿ ಒದೆಯುವ ಚುಕ್ಕೆ ಗೋಲಿನಿಂದ 11 ಮೀಟರ್ ದೂರದಲ್ಲಿದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊರಟ ಚೆಂಡು ಈ ದೂರ ದಾಟಲು ಸುಮಾರು 0.4 ಸೆಕೆಂಡ್ ಸಾಕು. ಕಣ್ಣು ಕಂಡು, ಮನಸ್ಸು ತೀರ್ಮಾನಿಸಿ, ಮೈ ಹಾರುವುದೆಲ್ಲ ಅಷ್ಟರೊಳಗೆ ಆಗಬೇಕು. ಆದ್ದರಿಂದ ಕೀಪರ್ ಒದೆಯುವವನ ಸೊಂಟ, ನೆಲಕ್ಕೂರಿದ ಕಾಲು, ಓಡಿ ಬರುವ ಕೋನ ಇವನ್ನು ಓದಿ ಮುಂಚೆಯೇ ಅಂದಾಜು ಕಟ್ಟುತ್ತಾನೆ.

1992ರ ಬದಲಾವಣೆ ಈ ಕೆಲಸದ ಸ್ವರೂಪವನ್ನೇ ಪಲ್ಲಟಗೊಳಿಸಿತು. ತನ್ನ ತಂಡದವನು ಬೇಕೆಂದು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಿಂದ ಹಿಡಿಯುವಂತಿಲ್ಲ ಎಂಬ ನಿಯಮ ಆ ವರ್ಷ ಬಂತು. 1990ರ ವಿಶ್ವಕಪ್‌ನಲ್ಲಿ ಹೊತ್ತು ಕಳೆಯುವ ಆಟ ನೋಡುಗರಿಗೆ ಬೇಸರ ತರಿಸಿದ್ದು ಇದಕ್ಕೆ ಹಿನ್ನೆಲೆ. ಅಂದಿನಿಂದ ಕೀಪರ್ ಕೈಯಷ್ಟೇ ಕಾಲನ್ನೂ ಪಳಗಿಸಬೇಕಾಯಿತು. 2025ರಿಂದ ಚೆಂಡನ್ನು ಎಂಟು ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಕೈಯಲ್ಲಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಕಿಕ್ ಸಿಗುತ್ತದೆ. ಇಂಥ ಒಂದೊಂದು ನಿಯಮ ಬದಲಾದಾಗಲೂ ಹಳೆಯ ಕೀಪರ್ ತಾನು ಕಲಿತದ್ದರಲ್ಲಿ ಒಂದಿಷ್ಟನ್ನು ಮರೆತು, ತಾನು ಎಂದೂ ಆಡದ ಆಟವನ್ನು ಕಲಿಸಬೇಕಾಗುತ್ತದೆ. 1992ಕ್ಕೆ ಮೊದಲು ಆಡಿ ಅನಂತರ ಕೋಚ್ ಆದ ಇಡೀ ಪೀಳಿಗೆ ಈ ಇಕ್ಕಟ್ಟನ್ನು ಹಾದುಬಂತು.

ತರಬೇತಿಗೆ ಹೊರಳುವ ಬಗೆ

ಗೋಲ್‌ಕೀಪರನ ಆಟದ ಆಯುಸ್ಸು ಉದ್ದ. ಇಟಲಿಯ ದೀನೋ ಜೋಫ್ 40ನೆಯ ವಯಸ್ಸಿನಲ್ಲಿ ನಾಯಕನಾಗಿ 1982ರ ವಿಶ್ವಕಪ್ ಗೆದ್ದರು. ಈಜಿಪ್ಟಿನ ಎಸ್ಸಾಮ್ ಎಲ್ ಹದರಿ 2018ರ ವಿಶ್ವಕಪ್‌ನಲ್ಲಿ ಗೋಲು ಕಾದಾಗ 45 ದಾಟಿದ್ದರು. ಉಳಿದ ಆಟಗಾರರು ಮೂವತ್ತರ ನಡುವಿನಲ್ಲಿ ಆಟ ಬಿಟ್ಟು ಕೋಚಿಂಗ್ ಮೆಟ್ಟಿಲು ಹತ್ತತೊಡಗಿದಾಗ ಕೀಪರ್ ಇನ್ನೂ ಆಡುತ್ತಲೇ ಇರುತ್ತಾನೆ. ಅವನು ಶಿಳ್ಳೆ ಹಿಡಿಯುವ ಹೊತ್ತಿಗೆ ಜೊತೆಯವರು ಕೆಲವು ವರ್ಷ ಮುಂದೆ ಹೋಗಿರುತ್ತಾರೆ.

ಅವನ ಅಭ್ಯಾಸವೂ ಗುಂಪಿನಿಂದ ದೂರ. ಹತ್ತು ಜನ ಒಂದೆಡೆ ಪಾಸಿಂಗ್ ಮಾಡುತ್ತಿದ್ದರೆ ಇಬ್ಬರು ಕೀಪರ್‌ಗಳು ಗೋಲಿನ ಬಳಿ ಬೇರೆಯೇ ಕಸರತ್ತಿನಲ್ಲಿರುತ್ತಾರೆ. ಗೋಲು ಹೊಡೆಸುವ ಯೋಜನೆ, ನಡುಮೈದಾನದ ಜೋಡಣೆ ಇವನಿಗೆ ತಿಳಿಯದು ಎಂಬ ಅನುಮಾನ ಆಡಳಿತಗಾರರಲ್ಲಿ ಬೇರೂರಲು ಇದೇ ಕಾರಣ.

ಅದಕ್ಕೆ ಎದುರಾಗಿ ನಿಲ್ಲುವ ಸಂಗತಿಗಳೂ ಇವೆ. ಇಪ್ಪತ್ತೆರಡು ಜನರಲ್ಲಿ ಆಟ ಸದಾ ತನ್ನ ಮುಂದೆಯೇ ಹರಡಿಕೊಂಡಿರುವುದು ಕೀಪರನಿಗೆ. ರಕ್ಷಣಾ ಸಾಲು ಎಲ್ಲಿ ಬಾಯಿ ಬಿಟ್ಟಿದೆ, ಯಾರು ಗುರುತು ತಪ್ಪಿಸಿಕೊಂಡು ಓಡಿದ್ದಾನೆ ಎಂಬುದು ಅವನಿಗೆ ಮೊದಲು ಕಾಣುತ್ತದೆ. ಕಂಡದ್ದನ್ನು ಕೂಗಿ ಹೇಳುವುದು ಅವನ ಕರ್ತವ್ಯ. ಕಾಣುವುದು, ಚುಟುಕಾಗಿ ಹೇಳುವುದು, ಹೇಳಿದ್ದು ನಡೆಯದಿದ್ದರೂ ಹೊಣೆ ಹೊರುವುದು ಇವು ಮೂರೂ ಕೋಚ್‌ಗೆ ಬೇಕಾದ ಗುಣಗಳು.

ಹೊರದೇಶಗಳ ಉದಾಹರಣೆಗಳು

ಸ್ಪೇನಿನ ರಿಕಾರ್ಡೊ ಜಮೋರಾ ಈ ಪರಂಪರೆಯ ಹಿರಿಯ. ಆ ದೇಶದ ಲೀಗ್‌ನಲ್ಲಿ ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ಕೀಪರ್‌ಗೆ ಕೊಡುವ ಪಾರಿತೋಷಕ ಇಂದಿಗೂ ಅವರ ಹೆಸರಿನಲ್ಲಿದೆ. ಕೋಚ್ ಆದ ಮೇಲೆ ಅವರು ಅಟ್ಲೆಟಿಕೊ ಅವಿಯಾಸಿಯಾನ್ ತಂಡಕ್ಕೆ 1939–40 ಮತ್ತು 1940–41ರಲ್ಲಿ ಸತತ ಎರಡು ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು. ಬೆಲ್ಜಿಯಂನ ಕೀಪರ್ ರೇಮಂಡ್ ಗೋಟಲ್ಸ್ 1993ರಲ್ಲಿ, ತಮ್ಮ 71ನೆಯ ವಯಸ್ಸಿನಲ್ಲಿ, ಫ್ರಾನ್ಸಿನ ಮಾರ್ಸೆ ತಂಡಕ್ಕೆ ಯುರೋಪಿಯನ್ ಚಾಂಪಿಯನ್ಸ್ ಲೀಗ್ ದೊರಕಿಸಿದರು. ಇಂಗ್ಲೆಂಡಿಗೆ ಐದು ಅಂತರರಾಷ್ಟ್ರೀಯ ಪಂದ್ಯ ಆಡಿದ್ದ ಟೋನಿ ವೇಟರ್ಸ್ 1986ರಲ್ಲಿ ಕೆನಡಾವನ್ನು ಮೊಟ್ಟಮೊದಲ ಬಾರಿಗೆ ವಿಶ್ವಕಪ್‌ಗೆ ಕರೆದೊಯ್ದರು.

ಜೋಫ್ ಅವರ ಬದುಕಿನಲ್ಲಿ ಈ ವೃತ್ತಿಯ ಸಿಹಿಕಹಿ ಎರಡೂ ಇವೆ. 1983ರಲ್ಲಿ ಆಟ ಬಿಟ್ಟ ಅವರು ಯುವೆಂಟಸ್ ತಂಡದ ಕೋಚ್ ಆಗಿ 1990ರಲ್ಲಿ ಒಂದೇ ಋತುವಿನಲ್ಲಿ ಯುಇಎಫ್ಎ ಕಪ್ ಮತ್ತು ಇಟಲಿಯ ಕಪ್ ಎರಡನ್ನೂ ಗೆಲ್ಲಿಸಿದರು. 2000ದ ಯೂರೋ ಫೈನಲ್‌ನಲ್ಲಿ ಅವರ ಇಟಲಿ ತಂಡ ಗೆಲುವಿನಿಂದ ಕೆಲವೇ ಕ್ಷಣ ದೂರವಿದ್ದಾಗ ಫ್ರಾನ್ಸ್ ಸಮ ಮಾಡಿತು, ಹೆಚ್ಚುವರಿ ಸಮಯದಲ್ಲಿ ಗೋಲ್ಡನ್ ಗೋಲಿನಿಂದ 2–1ರಲ್ಲಿ ಗೆದ್ದಿತು. ರಾಜಕಾರಣಿ ಸಿಲ್ವಿಯೊ ಬೆರ್ಲುಸ್ಕೋನಿ ತಂಡದ ತಂತ್ರವನ್ನು ಬಹಿರಂಗವಾಗಿ ಹೀಗಳೆದಾಗ ಜೋಫ್ ರಾಜೀನಾಮೆ ಕೊಟ್ಟು ಹೊರನಡೆದರು.

ಕೀಪರ್‌ಗಳಿಗಷ್ಟೇ ಮೀಸಲಾದ ಕೋಚ್ ಎಂಬ ಹುದ್ದೆ ಯುರೋಪಿನಲ್ಲಿ ನೆಲೆಯಾದದ್ದು 1970ರ ದಶಕದಿಂದೀಚೆಗೆ. ಆರ್ಸೆನಲ್ ತಂಡದ ಕೀಪರ್ ಆಗಿದ್ದ ಬಾಬ್ ವಿಲ್ಸನ್ ನಿವೃತ್ತಿಯ ನಂತರ ಅದೇ ಕ್ಲಬ್ಬಿನ ಕೀಪರ್‌ಗಳಿಗೆ ದಶಕಗಳ ಕಾಲ ಪಾಠ ಹೇಳಿದರು. ನೆದರ್‌ಲ್ಯಾಂಡ್ಸ್‌ನ ಫ್ರಾನ್ಸ್ ಹುಕ್ ಈ ಕೆಲಸವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಒಬ್ಬರು. 2014ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಕೋಸ್ಟರಿಕಾ ವಿರುದ್ಧ ಆಟ ಗೋಲಿಲ್ಲದೆ ಮುಗಿಯುತ್ತಿದ್ದಾಗ, ಹೆಚ್ಚುವರಿ ಸಮಯದ ಕೊನೆಯ ಕ್ಷಣದಲ್ಲಿ ಡಚ್ಚರು ಕೀಪರ್ ಯಾಸ್ಪರ್ ಸಿಲ್ಲೆಸೆನ್‌ರನ್ನು ಹೊರಕರೆದು ಎತ್ತರದ ಟಿಮ್ ಕ್ರುಲ್‌ರನ್ನು ಇಳಿಸಿದರು. ಕ್ರುಲ್ ಎರಡು ಪೆನಾಲ್ಟಿ ತಡೆದರು, ತಂಡ ಸೆಮಿಫೈನಲ್ ಸೇರಿತು. ಆ ತಂಡದ ಗೋಲ್‌ಕೀಪಿಂಗ್ ಕೋಚ್ ಹುಕ್. ಗೋಲಿನ ಮೂಲೆಯಲ್ಲಿ ಪಾಠ ಹೇಳುವವನ ಲೆಕ್ಕಾಚಾರ ಒಂದು ದೇಶದ ಫಲಿತಾಂಶವನ್ನೇ ತಿರುಗಿಸಬಲ್ಲದು ಎಂಬುದನ್ನು ಜಗತ್ತು ಅಂದು ನೇರವಾಗಿ ಕಂಡಿತು.

ಹೈದರಾಬಾದ್ ರಾಜ್ಯ ಮತ್ತು ಬೀದರ್ ಸೀಮೆ

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹೈದರಾಬಾದ್ ಭಾರತದ ಕಾಲ್ಚೆಂಡಿನ ದೊಡ್ಡ ಪಾಠಶಾಲೆಯಾಗಿತ್ತು. ಅದರ ಹಿರಿಯ ಮೇಷ್ಟ್ರು ಸೈಯದ್ ಅಬ್ದುಲ್ ರಹೀಮ್. ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅವರು ಪಳಗಿಸಿದ ಭಾರತ ತಂಡ 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, 1962ರ ಜಕಾರ್ತಾ ಏಷ್ಯನ್ ಕ್ರೀಡೆಯಲ್ಲಿ ಚಿನ್ನ ಪಡೆಯಿತು. ಹೈದರಾಬಾದ್ ತಂಡ 1956–57 ಮತ್ತು 1957–58ರಲ್ಲಿ ಸತತ ಎರಡು ಸಲ ರಾಷ್ಟ್ರೀಯ ಕೂಟವಾದ ಸಂತೋಷ್ ಟ್ರೋಫಿ ಗೆದ್ದಿತು.

ಈ ಹೊಳಪಿನ ನಟ್ಟನಡುವೆ ರಾಜ್ಯದ ನಕ್ಷೆ ಬದಲಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ್, ನಿಲಂಗಾ ಕಡೆಯ ಭಾಗ ಮುಂಬಯಿ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡ ಕಡೆಯದು ಆಂಧ್ರಪ್ರದೇಶಕ್ಕೂ ಹೋದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್, ಬಸವಕಲ್ಯಾಣಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹುಮನಾಬಾದ್ ಕಡೆಯ ಬೇಮಳಖೇಡವೂ ಇವುಗಳ ಜೊತೆಗೆ ಬಂತು.

ಆಟದ ದೃಷ್ಟಿಯಿಂದ ಈ ಬದಲಾವಣೆಯ ಪರಿಣಾಮ ಸಣ್ಣದಲ್ಲ. ಸಂತೋಷ್ ಟ್ರೋಫಿಯ ತಂಡಗಳು ಹೆಚ್ಚಾಗಿ ರಾಜ್ಯವಾರು. ರಹೀಮ್ ಸಾಹೇಬರ ಹೈದರಾಬಾದ್ ಬೀದರಿನಿಂದ ಒಂದೂವರೆ ನೂರು ಕಿಲೋಮೀಟರಿನೊಳಗೆ ಇತ್ತು. ಪುನರ್ವಿಂಗಡಣೆಯ ನಂತರ ಈ ಸೀಮೆಯ ಹುಡುಗ ರಾಜ್ಯ ತಂಡದ ಆಯ್ಕೆಗೆ ನೋಡಬೇಕಾದದ್ದು ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿನ ಕಡೆಗೆ. ನಾಡು ಒಂದಾದ ಸಂಭ್ರಮದ ಜೊತೆಗೆ ಮೈದಾನ ದೂರವಾದ ಸಂಗತಿಯೂ ಇಲ್ಲಿಯ ಕ್ರೀಡಾ ಇತಿಹಾಸಕ್ಕೆ ಸೇರಿದೆ. ಸಂತೆ, ಆಸ್ಪತ್ರೆ, ನೆಂಟಸ್ತಿಕೆಗೆಲ್ಲ ಹೈದರಾಬಾದಿನ ಬಸ್ಸು ಹತ್ತುವುದು ಈ ಭಾಗದವರಿಗೆ ಇಂದಿಗೂ ರೂಢಿ. ಆಟದ ಆಯ್ಕೆಯ ದಾರಿ ಮಾತ್ರ ಬೇರೆ ದಿಕ್ಕಿಗೆ ತಿರುಗಿತು.

ಪೀಟರ್ ತಂಗರಾಜ್

ತಂಗರಾಜ್ ಹುಟ್ಟಿದ್ದು 1935ರಲ್ಲಿ ಹೈದರಾಬಾದಿನಲ್ಲಿ. 1953ರಲ್ಲಿ ಸೇನೆ ಸೇರಿ ನೀಲಗಿರಿಯ ವೆಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟಲ್ ಸೆಂಟರ್ ತಂಡಕ್ಕೆ ಆಡತೊಡಗಿದರು. ಅಲ್ಲಿ ಅವರು ಮೊದಲು ಆಡಿದ್ದು ಸೆಂಟರ್ ಫಾರ್ವರ್ಡ್ ಆಗಿ. ಗೋಲು ಹೊಡೆಯುವ ಜಾಗದಿಂದ ಗೋಲು ಕಾಯುವ ಜಾಗಕ್ಕೆ ಬಂದದ್ದು ಆಮೇಲೆ. ಎತ್ತರದ ನಿಲುವು, ನೀಳವಾದ ತೋಳುಗಳು, ಎದುರಾಳಿ ಫಾರ್ವರ್ಡ್‌ನ ಮನಸ್ಸಿನಲ್ಲಿ ಏನು ನಡೆದಿದೆ ಎಂಬ ಅನುಭವ ಈ ಮೂರೂ ಕೂಡಿ ಅವರನ್ನು ಬೇರೆಯೇ ಬಗೆಯ ಕೀಪರ್ ಆಗಿಸಿದವು. ಮದ್ರಾಸ್ ರೆಜಿಮೆಂಟಲ್ ಸೆಂಟರ್ 1955 ಮತ್ತು 1958ರಲ್ಲಿ ಡ್ಯುರಾಂಡ್ ಕಪ್ ಗೆದ್ದಿತು. ಸರ್ವಿಸಸ್ ತಂಡ 1960–61ರಲ್ಲಿ ಮೊದಲ ಸಲ ಸಂತೋಷ್ ಟ್ರೋಫಿ ಎತ್ತಿದಾಗ ಅದರ ನಾಯಕ ತಂಗರಾಜ್.

1956ರ ಮೆಲ್ಬೋರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್ ತಂಡಗಳಲ್ಲಿ ಅವರಿದ್ದರು. ಎರಡರಲ್ಲೂ ಜೊತೆಗಿದ್ದ ಇನ್ನೊಬ್ಬ ಕೀಪರ್ ಮುಂಬಯಿಯ ಎಸ್. ಎಸ್. ನಾರಾಯಣ್. 1958ರಲ್ಲಿ ತಂಗರಾಜ್ ಏಷ್ಯಾದ ಶ್ರೇಷ್ಠ ಗೋಲ್‌ಕೀಪರ್ ಎಂದು ಆಯ್ಕೆಯಾದರು. 1964ರ ಏಷ್ಯನ್ ಕಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಪಡೆದಾಗಲೂ ಅವರು ತಂಡದಲ್ಲಿದ್ದರು.

ಅವರ ಆಟದ ಶಿಖರ 1962ರ ಸೆಪ್ಟೆಂಬರ್ 4ರ ಜಕಾರ್ತಾ ಫೈನಲ್. ಅದೇ ಕೂಟದ ಮೊದಲ ಪಂದ್ಯದಲ್ಲಿ ಭಾರತ ದಕ್ಷಿಣ ಕೊರಿಯಾಕ್ಕೆ 0–2ರಲ್ಲಿ ಸೋತಿತ್ತು. ಫೈನಲ್‌ಗೂ ಎದುರು ಬಂದದ್ದು ಅದೇ ಕೊರಿಯಾ. ಅದಕ್ಕೆ ಮುಂಚೆ ತಂಗರಾಜ್ ಜ್ವರದಿಂದ ಮಲಗಿದ್ದರು. ಅವರ ಬದಲು ಪ್ರದ್ಯುತ್ ಬರ್ಮನ್ ಗೋಲು ಕಾದಿದ್ದರು. ಫೈನಲ್‌ಗೆ ರಹೀಮ್ ಜ್ವರ ಬಿಟ್ಟ ತಂಗರಾಜ್‌ರನ್ನೇ ಇಳಿಸಿದರು. ತಲೆಗೆ ಪೆಟ್ಟಾಗಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್‌ರನ್ನು ಮುಂಚೂಣಿಗೆ ತಂದರು. ಗ್ಯಾಲರಿ ತುಂಬಿದ್ದ ಜನ ಭಾರತದ ವಿರುದ್ಧ ಕೂಗುತ್ತಿದ್ದರು. ಪಿ. ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಇಪ್ಪತ್ತು ನಿಮಿಷದೊಳಗೆ ತಲಾ ಒಂದು ಗೋಲು ಹೊಡೆದರು. ಕೊರಿಯಾ ಒಂದನ್ನು ತೀರಿಸುವ ಹೊತ್ತಿಗೆ ಆಟ ಕೊನೆಯ ಹಂತ ಮುಟ್ಟಿತ್ತು. 2–1ರ ಆ ಗೆಲುವಿನ ನಂತರ ಏಷ್ಯನ್ ಕ್ರೀಡೆಯ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಒಲಿದಿಲ್ಲ.

ಸೇನೆ ಬಿಟ್ಟ ಮೇಲೆ ತಂಗರಾಜ್ ಕಲ್ಕತ್ತೆಯ ಮೊಹಮ್ಮದನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಮೂರೂ ದೊಡ್ಡ ಕ್ಲಬ್‌ಗಳಿಗೆ ಆಡಿದರು. 1967ರಲ್ಲಿ ಅರ್ಜುನ ಪ್ರಶಸ್ತಿ ಬಂತು. 1971ರಲ್ಲಿ ಆಟ ನಿಲ್ಲಿಸಿ ತರಬೇತಿಗೆ ಹೊರಳಿದರು. ಅವರ ಎರಡನೆಯ ಬದುಕು ಬೇರೂರಿದ್ದು ಬೊಕಾರೊದಲ್ಲಿ. ಅಲ್ಲಿಯ ಉಕ್ಕಿನ ಕಾರ್ಖಾನೆಯ ಆಶ್ರಯದಲ್ಲಿ ಎಳೆಯ ಆಟಗಾರರನ್ನು ತಯಾರು ಮಾಡುವ ಕೆಲಸ ಹಿಡಿದ ಅವರು 2008ರ ನವೆಂಬರ್‌ನಲ್ಲಿ ಅದೇ ಊರಿನಲ್ಲಿ ತೀರಿಕೊಂಡರು.

ಈ ಪಯಣದಲ್ಲಿ ಆ ಕಾಲದ ಭಾರತೀಯ ಆಟಗಾರನ ಆರ್ಥಿಕ ಬದುಕಿನ ಚಿತ್ರವೂ ಇದೆ. ಸೇನೆ, ರೈಲ್ವೆ, ಪೊಲೀಸ್, ಬೆಂಗಳೂರಿನ ಎಚ್‌ಎಎಲ್ ಮತ್ತು ಐಟಿಐ, ಉಕ್ಕಿನ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟವು. ಆಟದಿಂದ ಸಂಪಾದನೆ ಕಡಿಮೆ, ಸಂಬಳ ಖಾಯಂ. ನಿವೃತ್ತನಾದವನು ಅದೇ ಹಾಜರಿ ಪುಸ್ತಕದಲ್ಲಿದ್ದುಕೊಂಡು ಸಂಜೆ ಮೈದಾನದಲ್ಲಿ ಕೋಚ್ ಆಗುತ್ತಿದ್ದ. ಏಷ್ಯಾದ ಶ್ರೇಷ್ಠ ಕೀಪರ್ ಕಾರ್ಖಾನೆಯ ಊರೊಂದರಲ್ಲಿ ಹುಡುಗರಿಗೆ ಪಾಠ ಹೇಳುತ್ತ ಬಾಳಿದ್ದು ಆ ವ್ಯವಸ್ಥೆಯಲ್ಲಿ ಸಹಜವಾಗಿತ್ತು. ಗಣಿ, ಕಾರ್ಖಾನೆಗಳ ನಾಡಿನ ಹುಡುಗರಿಗೆ ಅದು ಲಾಭವೂ ಆಯಿತು.

ಮೈಸೂರು ರಾಜ್ಯ ಮತ್ತು ಬೆಂಗಳೂರು

ಬೀದರ್ ಬಂದು ಸೇರಿದ ಮೈಸೂರಿಗೂ ತನ್ನದೇ ಕಾಲ್ಚೆಂಡಿನ ಪರಂಪರೆ ಇತ್ತು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ತಂಡ 1946–47, 1952–53, 1967–68, 1968–69ರಲ್ಲಿ ಸಂತೋಷ್ ಟ್ರೋಫಿ ಗಳಿಸಿತು. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಮೊದಲಾದ ದಂಡುಪ್ರದೇಶದ ಬಡಾವಣೆಗಳು ಆಟಗಾರರ ತವರು.

ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಪಂದ್ಯದಲ್ಲಿ ಗೋಲು ಕಾದವರು ಮೈಸೂರಿನ ಕೆ. ವಿ. ವರದರಾಜ್. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್ಫೋರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ನಡೆದ ಆ ಪಂದ್ಯದಲ್ಲಿ ಭಾರತದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಭಾರತದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಗಳು ವ್ಯರ್ಥವಾದವು. ಕೊನೆಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಲ್ಲಿ ಗೆದ್ದಿತು. ಆ ದಿನಗಳಲ್ಲಿ ಗೋಲ್‌ಕೀಪರ್‌ಗೆಂದು ಬೇರೆ ಗುರು ಇರಲಿಲ್ಲ. ಹಿರಿಯ ಕೀಪರ್ ಹೇಗೆ ನಿಲ್ಲುತ್ತಾನೆ, ಹೇಗೆ ಬೀಳುತ್ತಾನೆ ಎಂದು ಗೋಲಿನ ಹಿಂದೆ ಕುಳಿತು ನೋಡಿ ಕಲಿಯುವುದೇ ವಿದ್ಯಾಭ್ಯಾಸ.

ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆಲ್ಲಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಲ್ಲಿ ಸೋಲಿಸಿ ರಾಜ್ಯ ತಂಡ ಪ್ರಶಸ್ತಿ ಪಡೆಯಿತು. ಅದೇ ವರ್ಷ ಜುಲೈ 4ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್. ಭಾರತ–ಕುವೈತ್ 1–1ರಲ್ಲಿ ಸಮನಾಗಿ ಪೆನಾಲ್ಟಿ ಶೂಟೌಟ್ ಸಡನ್ ಡೆತ್‌ಗೆ ಮುಟ್ಟಿತು. 2017ರಿಂದ ಬೆಂಗಳೂರು ಎಫ್‌ಸಿ ತಂಡದಲ್ಲಿರುವ ಗುರುಪ್ರೀತ್ ಸಿಂಗ್ ಸಂಧು ಕುವೈತ್‌ನ ಖಾಲಿದ್ ಹಾಜಿಯಾ ಒದೆತವನ್ನು ಹಾರಿ ತಡೆದಾಗ ಕಪ್ ಭಾರತದ್ದಾಯಿತು. ವರದರಾಜ್ ಕಾಲದ ಕೀಪರ್ ಒಬ್ಬಂಟಿಯಾಗಿ ಕಲಿತವನು. ಗುರುಪ್ರೀತ್ ಕಾಲದ ಕೀಪರನ ಬೆನ್ನಿಗೆ ಕೋಚ್, ವಿಡಿಯೊ ವಿಶ್ಲೇಷಕ, ಎದುರಾಳಿಗಳ ಒದೆತದ ಪಟ್ಟಿ ಎಲ್ಲವೂ ಇರುತ್ತವೆ.

ಭಾರತದ ಇತರ ಉದಾಹರಣೆಗಳು

ಕರ್ನಾಟಕದ ನೆರೆಯ ಗೋವಾದ ಬ್ರಹ್ಮಾನಂದ ಸಂಖವಾಳಕರ್ 1970–80ರ ದಶಕಗಳಲ್ಲಿ ಸಾಲಗಾಂವ್ಕರ್ ಕ್ಲಬ್ ಮತ್ತು ಭಾರತಕ್ಕೆ ಗೋಲು ಕಾದು, 1980ರ ದಶಕದಲ್ಲಿ ದೇಶದ ನಾಯಕರಾದರು. ಆಟ ಬಿಟ್ಟ ಮೇಲೆ ತರಬೇತಿಯಲ್ಲಿ ತೊಡಗಿದ ಅವರಿಗೆ 1997ರಲ್ಲಿ ಅರ್ಜುನ, 2022ರಲ್ಲಿ ಪದ್ಮಶ್ರೀ ಬಂದವು.

ಭಾರತ ತಂಡದ ಮುಖ್ಯ ಕೋಚ್ ಸ್ಥಾನಕ್ಕೆ ಗೋಲ್‌ಕೀಪರ್ ಬಂದ ಗಮನಾರ್ಹ ಉದಾಹರಣೆ ಹಂಗೇರಿಯ ಯೋಜೆಫ್ ಗೆಲೈ. 1966ರ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ್ನು 3–1ರಲ್ಲಿ ಸೋಲಿಸಿದ ಹಂಗೇರಿ ತಂಡದ ಕೀಪರ್ ಅವರು. 1990–91ರಲ್ಲಿ ಭಾರತ ತಂಡವನ್ನು ನೋಡಿಕೊಂಡರು. ಇಂಗ್ಲೆಂಡಿನ ಕೀಪರ್ ಡೇವಿಡ್ ಜೇಮ್ಸ್ 2014ರ ಮೊದಲ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಆಟಗಾರನೂ ಕೋಚೂ ಆಗಿದ್ದು ತಂಡವನ್ನು ಫೈನಲ್‌ವರೆಗೆ ಒಯ್ದರು. ಗೋಲಿನೊಳಗೆ ನಿಂತುಕೊಂಡೇ ತಂಡ ನಡೆಸಿದ ಅಪರೂಪದ ಸಂದರ್ಭ ಅದು. ಆಡಳಿತದ ಮೆಟ್ಟಿಲು ಹತ್ತಿದವರೂ ಇದ್ದಾರೆ. 2022ರ ಸೆಪ್ಟೆಂಬರ್ 2ರಂದು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದ ಕಲ್ಯಾಣ್ ಚೌಬೆ ಹಿಂದೆ ಗೋಲ್‌ಕೀಪರ್. ಭಾರತೀಯ ಕೀಪರ್‌ಗಳಲ್ಲಿ ಬಹುಪಾಲು ಜನ ಮುಖ್ಯ ಕೋಚ್ ಪಟ್ಟಿಯ ಹೊರಗೇ ಉಳಿದು, ಕ್ಲಬ್ಬು ಅಕಾಡೆಮಿಗಳಲ್ಲಿ ಕೀಪರ್‌ಗಳ ಗುರುಗಳಾಗಿ ಕೆಲಸ ಮಾಡಿದ್ದಾರೆ.

ಪಾಠದ ಸ್ವರೂಪ

ಗೋಲ್‌ಕೀಪಿಂಗ್ ಪಾಠ ಕೈಯಿಂದ ಶುರುವಾಗುತ್ತದೆ. ಎದೆಯ ಮಟ್ಟಕ್ಕಿಂತ ಮೇಲೆ ಬರುವ ಚೆಂಡಿಗೆ ಎರಡೂ ಹೆಬ್ಬೆರಳು ಹತ್ತಿರ ಬರಬೇಕು. ನೆಲದ ಮೇಲೆ ಉರುಳಿ ಬರುವುದಕ್ಕೆ ಎರಡೂ ಕಿರುಬೆರಳು ಹತ್ತಿರ ಬಂದು, ಮೊರದಲ್ಲಿ ಕಾಳು ಬಾಚುವಂತೆ ಚೆಂಡನ್ನು ಎದೆಗೆ ಸೆಳೆದುಕೊಳ್ಳಬೇಕು. ಈ ಎರಡು ಹಿಡಿತ ನಿದ್ದೆಯಲ್ಲೂ ತಪ್ಪದಂತಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಹಾರಿ ಬೀಳುವುದನ್ನು ನಿಂತ ನಿಲುವಿನಿಂದ ಕಲಿಸುವುದಿಲ್ಲ. ಹುಡುಗನನ್ನು ಮೊದಲು ಮರಳಿನ ಮೇಲೆ ಕೂರಿಸಿ ಪಕ್ಕಕ್ಕೆ ಚೆಂಡು ಎಸೆಯುತ್ತಾರೆ. ಆಮೇಲೆ ಮೊಣಕಾಲೂರಿ, ಆಮೇಲೆ ಕುಕ್ಕರುಗಾಲಿನಲ್ಲಿ, ಕೊನೆಗೆ ನಿಂತು. ನೆಲಕ್ಕೆ ಮೊದಲು ತಾಗಬೇಕಾದದ್ದು ತೊಡೆಯ ಪಕ್ಕ, ಸೊಂಟ, ಭುಜದ ಹೊರಮೈ. ಮೊಣಕೈ ಮೊದಲು ತಾಗಿದರೆ ಪೆಟ್ಟು ಖಚಿತ. ಹುಲ್ಲಿನ ಮೈದಾನ ಇಲ್ಲದೆಡೆ ಮರಳಿನ ಗುಂಡಿಯೇ ಒಳ್ಳೆಯ ಶಾಲೆ.

ಕೋನ ಕಿರಿದು ಮಾಡುವ ಪಾಠಕ್ಕೆ ಹಗ್ಗವೇ ಉಪಕರಣ. ಎರಡೂ ಗೋಲ್‌ಪೋಸ್ಟ್‌ಗಳಿಗೆ ಒಂದೊಂದು ಹಗ್ಗ ಕಟ್ಟಿ, ಅವುಗಳ ಇನ್ನೊಂದು ತುದಿಯನ್ನು ಚೆಂಡಿನ ಬಳಿ ಸೇರಿಸಿ ಹಿಡಿಯುತ್ತಾರೆ. ನೆಲದ ಮೇಲೊಂದು ತ್ರಿಕೋನ ಮೂಡುತ್ತದೆ. ಚೆಂಡು 11 ಮೀಟರ್ ದೂರದಲ್ಲಿದ್ದು ಕೀಪರ್ ಗೆರೆಯ ಮೇಲೆಯೇ ನಿಂತರೆ ಅವನು ಕಾಯಬೇಕಾದ ಅಗಲ 7.32 ಮೀಟರ್. ನಾಲ್ಕು ಮೀಟರ್ ಮುಂದೆ ಬಂದರೆ ಎರಡು ಹಗ್ಗಗಳ ನಡುವಿನ ಅಗಲ ಸುಮಾರು 4.66 ಮೀಟರ್‌ಗೆ ಇಳಿಯುತ್ತದೆ. ಹುಡುಗ ಅಲ್ಲಿ ನಿಂತು ಎಡಬಲ ಕೈಚಾಚಿದಾಗ ಹಗ್ಗ ಎಷ್ಟು ಹತ್ತಿರ ಬಂತೆಂದು ತಾನೇ ಕಾಣುತ್ತಾನೆ. ಇನ್ನೂ ಮುಂದೆ ಬಂದರೆ ತಲೆಯ ಮೇಲಿಂದ ಚೆಂಡು ಎತ್ತಿ ಹಾಕುವ ಅಪಾಯ. ಎಷ್ಟು ಮುಂದೆ, ಯಾವಾಗ ನಿಲ್ಲಬೇಕು ಎಂಬ ತೂಕವೇ ಈ ವಿದ್ಯೆಯ ತಿರುಳು.

ಕೊನೆಯ ಪಾಠ ಬಾಯಿಯದು. ಚೆಂಡು ತನ್ನದೆಂದಾಗ ‘ಕೀಪರ್’ ಎಂದು ಗಟ್ಟಿಯಾಗಿ ಕೂಗಬೇಕು. ಕೂಗದೆ ಹೊರಬಂದವನು ತನ್ನವನಿಗೇ ಡಿಕ್ಕಿ ಹೊಡೆಯುತ್ತಾನೆ. ಮಾತು ಒಂದೇ ಪದದ್ದಾಗಿರಬೇಕು, ತಡವಾಗಬಾರದು. ಗೋಲು ಬಿಟ್ಟುಕೊಟ್ಟ ಮರುಕ್ಷಣ ತಲೆ ತಗ್ಗಿಸದಿರುವುದನ್ನೂ ಕೋಚ್ ಕಲಿಸುತ್ತಾನೆ. ಫಾರ್ವರ್ಡ್ ಐದು ಅವಕಾಶ ಕೆಡಿಸಿ ಆರನೆಯದರಲ್ಲಿ ಗೋಲು ಹೊಡೆದರೆ ವೀರ. ಕೀಪರ್ ಐದನ್ನು ತಡೆದು ಆರನೆಯದನ್ನು ಬಿಟ್ಟರೆ ಊರಿಗೆ ನೆನಪಿರುವುದು ಆರನೆಯದು. ಈ ಭಾರ ಹೊತ್ತು ಗೊತ್ತಿರುವವನೇ ಅದನ್ನು ಹೊರುವ ಬಗೆ ಹೇಳಿಕೊಡಬಲ್ಲ. ಗೋಲ್‌ಕೀಪಿಂಗ್ ಕೋಚ್ ಹುದ್ದೆಗೆ ಎಲ್ಲೆಡೆ ಮಾಜಿ ಕೀಪರ್‌ಗಳನ್ನೇ ಹುಡುಕುವುದು ಇದಕ್ಕಾಗಿ.

ಅರ್ಹತೆ ಮತ್ತು ಪರವಾನಗಿ

ಭಾರತದಲ್ಲಿ ಕೋಚಿಂಗ್‌ಗೆ ಶಾಸ್ತ್ರೀಯ ನೆಲೆಗಟ್ಟು ಬಂದದ್ದು 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾದ ಮೇಲೆ. ಅಲ್ಲಿಯ ಡಿಪ್ಲೊಮಾ ಪಡೆದವರು ‘ಎನ್‌ಐಎಸ್ ಕೋಚ್’ ಎಂದೇ ಗುರುತಾದರು. ಈಗ ಫುಟ್‌ಬಾಲ್‌ನಲ್ಲಿ ಡಿ, ಸಿ, ಬಿ, ಎ ಮತ್ತು ಪ್ರೊ ಎಂಬ ಪರವಾನಗಿಗಳ ಏಣಿಯಿದೆ. ಗೋಲ್‌ಕೀಪಿಂಗ್ ಕೋಚ್‌ಗಳಿಗೆ ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಪ್ರತ್ಯೇಕ ಹಂತಗಳ ಕೋರ್ಸ್‌ಗಳಿವೆ. ಹೆಸರಾಂತ ಆಟಗಾರನಾಗಿದ್ದರೂ ದೊಡ್ಡ ಕ್ಲಬ್ಬಿನಲ್ಲಿ ಕೂರಲು ಈ ಕಾಗದ ಬೇಕೇ ಬೇಕು. ಮುಖ್ಯ ಕೋಚ್ ಆಗಬಯಸುವ ಕೀಪರ್ ಕೀಪಿಂಗ್ ಕೋರ್ಸ್‌ನಲ್ಲೇ ನಿಲ್ಲದೆ ಸಾಮಾನ್ಯ ಏಣಿಯನ್ನೂ ಹತ್ತಬೇಕು. ಎರಡು ಕವಲುಗಳು ಬೇರೆಯಾಗುವುದು ಈ ಮೆಟ್ಟಿಲಿನಲ್ಲಿ.

ಬೇಮಳಖೇಡ ಸುತ್ತಿನ ಸೀಮೆಗೆ ಇದರ ಅರ್ಥ

ಬೀದರ್ ಪ್ರಸ್ಥಭೂಮಿಯ ನೆಲದಲ್ಲಿ ಜಂಬಿಟ್ಟಿಗೆಯ ಕೆಂಪು ಗರಸೂ ಇದೆ, ಕಪ್ಪು ಎರೆಯೂ ಇದೆ. ಮೊದಲನೆಯದರಲ್ಲಿ ಹಾರಿ ಬಿದ್ದರೆ ಚರ್ಮ ಕಿತ್ತುಬರುತ್ತದೆ. ಎರಡನೆಯದು ಮಳೆಗಾಲದಲ್ಲಿ ಕಾಲು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಹಳ್ಳಿಯ ಹುಡುಗರು ಕ್ರಿಕೆಟ್, ಕಬಡ್ಡಿ, ವಾಲಿಬಾಲ್‌ನತ್ತ ವಾಲಿರುವುದಕ್ಕೆ ಈ ನೆಲವೂ ಒಂದು ಕಾರಣ. ಇಲ್ಲಿ ಫುಟ್‌ಬಾಲ್ ಬದುಕಿರುವುದು ಮುಖ್ಯವಾಗಿ ಶಾಲಾ ಕ್ರೀಡಾಕೂಟಗಳ ಆಸರೆಯಲ್ಲಿ. ತಾಲ್ಲೂಕಿನಲ್ಲಿ ಗೆದ್ದ ತಂಡ ಜಿಲ್ಲೆಗೆ, ಅಲ್ಲಿಂದ ಕಲಬುರಗಿ ವಿಭಾಗಕ್ಕೆ, ಮುಂದೆ ರಾಜ್ಯಮಟ್ಟಕ್ಕೆ ಹೋಗುತ್ತದೆ. ಆ ತಂಡಕ್ಕೆ ಕೋಚ್, ಮ್ಯಾನೇಜರ್, ಗಾಯಕ್ಕೆ ಪಟ್ಟಿ ಕಟ್ಟುವವರು ಎಲ್ಲವೂ ಶಾಲೆಯ ಒಬ್ಬ ದೈಹಿಕ ಶಿಕ್ಷಕರೇ. ಹನ್ನೊಂದು ಜನರ ತಂಡ ಕಟ್ಟುವಾಗ ಎತ್ತರದ ಹುಡುಗನನ್ನೋ ಓಡಲಾರದವನನ್ನೋ ಗೋಲಿಗೆ ನಿಲ್ಲಿಸುವುದು ಎಲ್ಲ ಊರಿನ ವಾಡಿಕೆ.

ಹಗ್ಗದ ತ್ರಿಕೋನ, ಮರಳಿನ ಗುಂಡಿ, ಕಿರುಬೆರಳಿನ ಹಿಡಿತ ಇವಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಬೇಕಾದದ್ದು ಗೋಲಿನಲ್ಲಿ ನಿಂತು ಗೊತ್ತಿರುವ ಒಬ್ಬ ಹಿರಿಯ. ತಂಗರಾಜ್ ಸೆಂಟರ್ ಫಾರ್ವರ್ಡ್ ಜಾಗ ಬಿಟ್ಟು ಗೋಲಿಗೆ ಬಂದದ್ದು ಸೇನೆಯ ತಂಡವೊಂದರಲ್ಲಿ. ಅವರ ವಿದ್ಯೆ ಕಡೆಗೆ ತಲುಪಿದ್ದು ಬೊಕಾರೊದ ಹುಡುಗರನ್ನು. ಅವರು ಹುಟ್ಟಿದ ಹಳೆಯ ಹೈದರಾಬಾದ್ ರಾಜ್ಯದ ಈ ಮೂಲೆಯಲ್ಲಿ, ಓಡಲಾರನೆಂದು ಗೋಲಿಗೆ ತಳ್ಳಿಸಿಕೊಂಡ ಹುಡುಗನಿಗೆ ಎರಡು ಹಗ್ಗ ಕಟ್ಟಿ ತೋರಿಸುವ ಕೆಲಸ ಈಗಲೂ ದೈಹಿಕ ಶಿಕ್ಷಕರ ಪಾಲಿಗೇ ಉಳಿದಿದೆ.